ಏಷ್ಯನ್ ಸ್ನೂಕರ್‌ಗೆ ಮಗನ ಹೆಸರು ಕಳಿಸುತ್ತೇವೆ ಅಂತ 18,500 ಕೇಳುತ್ತಿದ್ದಾರೆ, ಕೊಡಬಹುದಾ?

ಸೇಡಂರಸ್ತೆ:
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸ್ನೂಕರ್ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಅದಕ್ಕೇ ತಿಳಿದವರನ್ನು ಕೇಳುತ್ತಿದ್ದೇನೆ. ಮಗನಿಗೆ 16. ಎರಡು ವರ್ಷದ ಹಿಂದೆ ಟ್ಯೂಷನ್‌ಗೆ ಹೋಗುತ್ತೇನೆ ಅಂತ ಹೇಳಿ ಸ್ನೂಕರ್ ಪಾರ್ಲರಿಗೆ ಹೋಗುತ್ತಿದ್ದ. ಯಾರೋ ಬಂದು ಹೇಳಿದರು, ಕಿವಿ ಹಿಡಿದು ಎಳಕೊಂಡು ಬರೋಣ ಅಂತ ಹೋದೆ. ಒಳಗೆ ಹೋದರೆ ಎಲ್ಲರೂ ಸುಮ್ಮನೆ ಗೋಡೆಗೆ ಒರಗಿ ನಿಂತಿದ್ದಾರೆ, ಇವನು ಒಬ್ಬನೇ ಟೇಬಲ್ ಸುತ್ತ ತಿರುಗಿ ತಿರುಗಿ ಚೆಂಡು ಹಾಕುತ್ತಿದ್ದಾನೆ. ನಾನೂ ನಿಂತೆ. ಎಳೆಯುವುದು ಮರೆತೇ ಹೋಯಿತು. ಪಾರ್ಲರ್ ಮಾಲೀಕರು, "ನಿಮ್ಮ ಹುಡುಗ ದೊಡ್ಡ ದೊಡ್ಡವರಿಗೆ ಟೇಬಲ್ ದುಡ್ಡು ಕಟ್ಟಿಸುತ್ತಾನೆ ಸರ್" ಅಂದರು. ಸೋತವನೇ ಟೇಬಲ್ ದುಡ್ಡು ಕೊಡಬೇಕಂತೆ, ಅದೂ ನನಗೆ ಅವತ್ತೇ ಗೊತ್ತಾಗಿದ್ದು.

ಈಗ ವಿಷಯ. ಹೋದ ವಾರ ವಾಟ್ಸಾಪ್‌ನಲ್ಲಿ ಒಂದು ಪತ್ರ ಬಂತು. ಮೇಲೆ ಏಷ್ಯಾದ ನಕ್ಷೆ ಇರುವ ಮುದ್ರೆ. ನಿಮ್ಮ ಮಗ ಏಷ್ಯನ್ ಜೂನಿಯರ್ ಸ್ನೂಕರ್‌ಗೆ ಶಾರ್ಟ್‌ಲಿಸ್ಟ್ ಆಗಿದ್ದಾನೆ, ಹೈದರಾಬಾದಿನಲ್ಲಿ ಟ್ರಯಲ್, ನೋಂದಣಿಗೆ 18,500 ರೂಪಾಯಿ, ವೀಸಾ ದುಡ್ಡು ಆಮೇಲೆ ಬೇರೆ. ಫೋನ್ ಮಾಡಿದರೆ ಆ ಮನುಷ್ಯ ಬಹಳ ಮರ್ಯಾದೆಯಿಂದ ಮಾತಾಡಿದ. ಹುಡುಗ ಮೂರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ಖುಷಿಗೆ. ನಾಡಿದ್ದು ಕೊನೆ ದಿನ ಅಂತ ಹೇಳಿದ್ದಾರೆ. ಕೊಡಲಾ?

ಯಾದಗಿರಿ_ಬಿಸಿಲು:
ಕೊಡಬೇಡಿ. ಕೊನೆ ದಿನ ನಾಡಿದ್ದು ಅಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಬೀದರ್_ಬಿಳಿಚೆಂಡು:
ಅಣ್ಣಾ, ಒಂದು ಪೈಸೆ ಕೊಡಬೇಡಿ. ನಾನು ನಾಲ್ಕು ವರ್ಷ ರಾಜ್ಯ ಮಟ್ಟದಲ್ಲಿ ಆಡಿದ್ದೇನೆ, ದೊಡ್ಡದೇನೂ ಗೆದ್ದಿಲ್ಲ, ಆದರೆ ದಾರಿ ಗೊತ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನಕ್ಕೆ ಓದಿ.

ಏಷ್ಯಾದಲ್ಲಿ ಈ ಆಟಗಳನ್ನು ನಡೆಸುವುದು ಏಷ್ಯನ್ ಕಾನ್ಫೆಡರೇಶನ್ ಆಫ್ ಬಿಲಿಯರ್ಡ್ ಸ್ಪೋರ್ಟ್ಸ್. ಎಸಿಬಿಎಸ್ ಅಂತಾರೆ. ಆಫೀಸು ಕತಾರಿನ ದೋಹಾದಲ್ಲಿದೆ. ಏಷ್ಯನ್ ಸ್ನೂಕರ್, ಏಷ್ಯನ್ ಬಿಲಿಯರ್ಡ್ಸ್, ಆರು ಕೆಂಪು ಚೆಂಡಿನ ಸಿಕ್ಸ್ ರೆಡ್, 21 ವರ್ಷದೊಳಗಿನವರದು, ತಂಡಗಳದು, ಎಲ್ಲಾ ಅವರ ಕೈಕೆಳಗೆ ಬರುತ್ತವೆ. ಈಗ ಮುಖ್ಯ ಮಾತು. ಈ ಸಂಸ್ಥೆಗೆ ಸದಸ್ಯರು ಅಂದರೆ ದೇಶಗಳ ಫೆಡರೇಶನ್‌ಗಳು. ನಾನು ನೀವು ಅಲ್ಲ. ಭಾರತದಿಂದ ಯಾರ ಹೆಸರು ಹೋಗಬೇಕು ಅಂತ ಹೇಳುವುದು ಬಿಲಿಯರ್ಡ್ಸ್ ಆಂಡ್ ಸ್ನೂಕರ್ ಫೆಡರೇಶನ್ ಆಫ್ ಇಂಡಿಯಾ ಮಾತ್ರ. ದೋಹಾದವರು ಕಲಬುರಗಿಯ ಹುಡುಗನಿಗೆ ವಾಟ್ಸಾಪ್ ಮಾಡುವುದಿಲ್ಲ. ಹಾಗೆ ಮಾಡಿದರೆ ಪಹಣಿನೇ ಇಲ್ಲದ ಹೊಲಕ್ಕೆ ವಿಧಾನಸೌಧದಿಂದ ನೇರ ಪರಿಹಾರದ ಚೆಕ್ ಬಂದ ಹಾಗೆ.

ಫೆಡರೇಶನ್ ಹೆಸರು ಆರಿಸುವುದು ರಾಷ್ಟ್ರೀಯ ಚಾಂಪಿಯನ್‌ಶಿಪ್ ನೋಡಿ. ರಾಷ್ಟ್ರೀಯಕ್ಕೆ ಹೋಗುವುದು ರಾಜ್ಯ ಸಂಸ್ಥೆಯ ಮೂಲಕ. ನಮಗೆ ಅದು ಕರ್ನಾಟಕ ಸ್ಟೇಟ್ ಬಿಲಿಯರ್ಡ್ಸ್ ಅಸೋಸಿಯೇಶನ್, ಬೆಂಗಳೂರಲ್ಲಿದೆ. ನಿಮ್ಮ ಮಗ ಇವತ್ತಿನವರೆಗೆ ರಾಜ್ಯದ ಒಂದು ಟೂರ್ನಿಯನ್ನಾದರೂ ಆಡಿದ್ದಾನಾ?

ಸೇಡಂರಸ್ತೆ:
ಇಲ್ಲ ತಮ್ಮಾ. ಈ ಊರು ಬಿಟ್ಟು ಎಲ್ಲೂ ಆಡಿಲ್ಲ. ಮತ್ತೆ ಅವನ ಹೆಸರು ಅವರಿಗೆ ಹೆಂಗೆ ಗೊತ್ತಾಯಿತು?

ಯಾದಗಿರಿ_ಬಿಸಿಲು:
ಇನ್‌ಸ್ಟಾಗ್ರಾಮ್‌ನಲ್ಲಿ ವಿಡಿಯೋ ಹಾಕಿರುತ್ತಾನೆ, ಕೆಳಗೆ ಅಪ್ಪನ ಅಂಗಡಿ ಬೋರ್ಡ್ ಸಮೇತ.

ಸೇಡಂರಸ್ತೆ:
ಹೌದು. ಈಗ ಕೇಳಿದೆ. ಹಾಕಿದ್ದಾನಂತೆ.

ಮೂರುಚೆಂಡು:
ಬೀದರಿನವರು ಸರಿಯಾಗಿ ಹೇಳಿದ್ದಾರೆ. ನಾನು ರಿಟೈರ್ ಆದವನು, ನಮ್ಮಪ್ಪ ಒಂದು ಆಫೀಸರ್ಸ್ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು. ಮಾರ್ಕರ್ ಅಂದರೆ ಪಾಯಿಂಟ್ ಎಣಿಸುವವನು ಅಂತ ಈಗಿನವರು ಅಂದುಕೊಂಡಿದ್ದಾರೆ. ಹಾಗಲ್ಲ. ಟೇಬಲ್ ಒರೆಸುವುದು, ಬ್ರಷ್ ಮಾಡುವುದು, ಬಟ್ಟೆಗೆ ಇಸ್ತ್ರಿ ಹಾಕುವುದು, ಕ್ಯೂ, ಅಂದರೆ ಆಡುವ ಕೋಲು, ಅದರ ತುದಿಗೆ ಚರ್ಮದ ಟಿಪ್ ಅಂಟಿಸುವುದು, ಸಾಹೇಬರು ಬಂದಾಗ ಅವರ ಜೊತೆ ಆಡಿ ಸ್ವಲ್ಪದರಲ್ಲಿ ಸೋಲುವುದು, ಇಷ್ಟೂ ಅವನ ಕೆಲಸ. ಸ್ವಲ್ಪದರಲ್ಲಿ ಸೋಲುವುದೇ ಎಲ್ಲಕ್ಕಿಂತ ಕಷ್ಟ ಅಂತ ಅಪ್ಪ ಹೇಳುತ್ತಿದ್ದರು.

ಆಗ ಸ್ನೂಕರ್ ಕಡಿಮೆ, ಬಿಲಿಯರ್ಡ್ಸೇ ಜಾಸ್ತಿ. ಮೂರೇ ಚೆಂಡು. ಕೆಂಪನ್ನು ಪಾಕೆಟ್‌ಗೆ ಹಾಕಿದರೆ 3, ನಿಮ್ಮ ಚೆಂಡು ಉಳಿದ ಎರಡನ್ನೂ ಮುಟ್ಟಿದರೆ 2, ಕೆಂಪಿಗೆ ತಾಗಿ ನಿಮ್ಮ ಚೆಂಡೇ ಒಳಗೆ ಹೋದರೆ ಅದಕ್ಕೂ 3. ಸ್ನೂಕರ್ ಆಡುವ ಹುಡುಗರಿಗೆ ಇದು ಕೇಳಿದರೆ ನಗು ಬರುತ್ತದೆ, ಬಿಳಿ ಚೆಂಡು ಒಳಗೆ ಹೋದರೆ ಪಾಯಿಂಟಾ ಅಂತ. ಹೌದಪ್ಪಾ, ಪಾಯಿಂಟೇ.

ಇದೆಲ್ಲ ಬೇರೆ ದೇಶದ ಆಟ ಅಂತ ಯಾರೂ ತಿಳಿಯಬೇಡಿ. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ. 1875ರಲ್ಲಿ ಜಬಲ್ಪುರದಲ್ಲಿ ಬ್ರಿಟಿಷ್ ಸೇನೆಯ ನೆವಿಲ್ ಚೇಂಬರ್ಲೇನ್ ಎಂಬ ಎಳೆ ಅಧಿಕಾರಿ ಶುರು ಮಾಡಿದ್ದು. ಆಮೇಲೆ ಊಟಿ ಕ್ಲಬ್ಬಿನಲ್ಲಿ ನಿಯಮ ಬರೆದು ಗೋಡೆಗೆ ಹಾಕಿದರು. ಮುಂದೆ ಬ್ರಿಟನ್ನಿನ ಪ್ರಧಾನಿ ಆದರಲ್ಲ, ಆ ಚೇಂಬರ್ಲೇನ್ ಇವರಲ್ಲ, ಹೆಸರು ಒಂದೇ ಅಷ್ಟೆ. ನಮ್ಮ ಹೈದರಾಬಾದಿನ ಫಲಕ್‌ನುಮಾ ಅರಮನೆಯಲ್ಲಿ ಬಿಲಿಯರ್ಡ್ಸ್ ಕೋಣೆ ಇವತ್ತಿಗೂ ಇದೆ, ನೋಡಿ ಬನ್ನಿ. ಯಾವುದೇ ಆಟದಲ್ಲಿ ಭಾರತದ ಮೊದಲ ವಿಶ್ವ ಚಾಂಪಿಯನ್ ಅಂದರೆ ವಿಲ್ಸನ್ ಜೋನ್ಸ್, 1958, ಬಿಲಿಯರ್ಡ್ಸ್. ಕ್ರಿಕೆಟ್ ಗೆದ್ದಿದ್ದು 25 ವರ್ಷ ಆದ ಮೇಲೆ.

ಯಾದಗಿರಿ_ಬಿಸಿಲು:
ಕಾಕಾ, ಹುಟ್ಟಿದ್ದು ಇಲ್ಲಿ, ಮೊದಲ ಚಾಂಪಿಯನ್ ಇಲ್ಲಿಯವರು, ಮತ್ತೆ ಏಷ್ಯಾದ ಆಫೀಸು ದೋಹಾದಲ್ಲಿ ಯಾಕೆ? ಒಂದು ಕಾಲದಲ್ಲಿ ಸ್ನೂಕರ್ ಅಂದರೆ ಏನು ಅಂತ ಅವರಿಗೆ ಗೊತ್ತಿತ್ತಾ? ದುಡ್ಡಿದ್ದವರದ್ದೇ ದರ್ಬಾರು.

ದೋಹಾ_ಆಳಂದ:
ಯಾದಗಿರಿಯವರೇ, ನಾನು ಇಲ್ಲೇ ದೋಹಾದಲ್ಲಿದ್ದೇನೆ, ಊರು ಆಳಂದ ಹತ್ತಿರ. ಕಂಪನಿ ಬಸ್ ಓಡಿಸುತ್ತೇನೆ. ದುಡ್ಡಿದೆ ನಿಜ, ಆದರೆ ಬರೀ ದುಡ್ಡಲ್ಲ. 2006ರ ಏಷ್ಯನ್ ಗೇಮ್ಸ್ ಇಲ್ಲೇ ಆಯಿತು, ಅದರಲ್ಲಿ ಬಿಲಿಯರ್ಡ್ಸ್ ಚಿನ್ನ ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿಗೆ ಬಂತು. ಆಮೇಲೂ ಇವರು ಟೇಬಲ್ ಮೂಲೆಗೆ ತಳ್ಳಲಿಲ್ಲ. ಒಂದಾದ ಮೇಲೆ ಒಂದು ಟೂರ್ನಿ ಕರೆಯುತ್ತಲೇ ಇದ್ದಾರೆ. ಹತ್ತಾರು ದೇಶದ ಆಟಗಾರರನ್ನು ವಾರಗಟ್ಟಲೆ ಇಟ್ಟುಕೊಂಡು, ಒಂದೇ ಥರದ ಟೇಬಲ್ ಹಾಕಿ, ರೆಫ್ರಿಗಳನ್ನು ಕರೆಸುವುದು ಅಂದರೆ ಸುಮ್ನೆ ಆಗುತ್ತದಾ? ನಮ್ಮ ಕಡೆ ಊರ ಜಾತ್ರೆ ಕುಸ್ತಿಗೆ ಪಟ್ಟಿ ಎತ್ತುವುದರಲ್ಲೇ ಜಗಳ ಆಗುತ್ತದೆ.

ನಾನು 2025ರ ಫೆಬ್ರವರಿಯಲ್ಲಿ ಏಷ್ಯನ್ ಸ್ನೂಕರ್ ನೋಡಲು ಹೋಗಿದ್ದೆ, ರಜೆ ಇತ್ತು. ಆಟ ಪೂರ್ತಿ ಅರ್ಥ ಆಗಲಿಲ್ಲ. ಆದರೆ ಒಂದು ವಿಷಯ ಹೇಳುತ್ತೇನೆ. ಅಷ್ಟು ಜನ ಕೂತಿದ್ದಾರೆ, ಕ್ಯೂ ತುದಿಗೆ ಚಾಕ್ ತಿಕ್ಕುವ ಸಪ್ಪಳ ಕೇಳುತ್ತದೆ. ಕರ್ ಕರ್ ಅಂತ. ರೆಫ್ರಿ ಬಿಳಿ ಕೈಗವಸು ಹಾಕಿಕೊಂಡು ಚೆಂಡು ಎತ್ತಿ, ಒರೆಸಿ, ಅದೇ ಜಾಗಕ್ಕೆ ಇಟ್ಟರು, ಮೊಟ್ಟೆ ಇಟ್ಟ ಹಾಗೆ. ನನ್ನ ಪಕ್ಕದವನ ಫೋನ್ ಒಂದೇ ಸಲ ಗುಂಯ್ ಅಂತು, ನಾಲ್ಕು ಸಾಲಿನ ಜನ ತಿರುಗಿ ನೋಡಿದರು, ಪಾಪ ಎದ್ದು ಹೊರಗೆ ಹೋದ. ಫೈನಲ್‌ನಲ್ಲಿ ಪಂಕಜ್ ಇರಾನಿನ ಅಮೀರ್ ಸರ್ಖೋಶ್ ಅವರನ್ನು 4-1ರಲ್ಲಿ ಸೋಲಿಸಿದರು. ಅದು ಅವರ 14ನೇ ಏಷ್ಯನ್ ಪ್ರಶಸ್ತಿ ಅಂತೆ.

ಸೇಡಂರಸ್ತೆ ಅಣ್ಣಾ, ಆ ಹಾಲ್‌ನಲ್ಲಿ ನಾನು ನೋಡಿದ ಹುಡುಗರೆಲ್ಲ ತಮ್ಮ ದೇಶದ ಬ್ಯಾಡ್ಜ್ ಹಾಕಿದ ವೇಸ್ಟ್‌ಕೋಟಿನಲ್ಲಿ ಇದ್ದರು. ಫೆಡರೇಶನ್ ಕಳಿಸಿದವರು. 18,500 ಕಟ್ಟಿ ಬಂದವರು ಯಾರೂ ಕಾಣಲಿಲ್ಲ.

ಬೀದರ್_ಬಿಳಿಚೆಂಡು:
ಭಾಯ್, ನೀವು ನೋಡಿದ್ದೀರಿ, ನಾನು ಯೂಟ್ಯೂಬಿನಲ್ಲಿ ನೋಡಿದೆ. ಹೊಟ್ಟೆ ಉರಿಯುತ್ತಿದೆ.

ಪಂಕಜ್ ಅವರದ್ದೇ ಉದಾಹರಣೆ ತಗೊಂಡರೆ ಏಣಿ ಹೆಂಗೆ ಅಂತ ಅರ್ಥ ಆಗುತ್ತದೆ. ಹುಟ್ಟಿದ್ದು ಪುಣೆ, ಚಿಕ್ಕಂದಿನಲ್ಲಿ ಕುವೈತ್, ಆಮೇಲೆ ಬೆಂಗಳೂರು. ಅಲ್ಲಿ ಅರವಿಂದ್ ಸವೂರ್ ಅವರ ಕೈಯಲ್ಲಿ ಕಲಿತರು. ಮೊದಲು ರಾಜ್ಯ, ಆಮೇಲೆ ರಾಷ್ಟ್ರೀಯ ಜೂನಿಯರ್, ಆಮೇಲೆ 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್. ಆಗ 18 ವರ್ಷ. ಆದರೆ 15 ಕೆಂಪು ಚೆಂಡಿನ ಏಷ್ಯನ್ ಸ್ನೂಕರ್ ಮಾತ್ರ ಬಹಳ ವರ್ಷ ಕೈಗೆ ಸಿಗಲೇ ಇಲ್ಲ. ವಿಶ್ವ ಗೆದ್ದವರಿಗೆ ಏಷ್ಯನ್ ಸಿಕ್ಕಿದ್ದು 2019ರಲ್ಲಿ! ಅದಕ್ಕೇ ಹೇಳುವುದು, ಏಷ್ಯನ್ ಅಂದರೆ ಕೆಳಗಿನ ಮೆಟ್ಟಿಲು ಅಂತ ತಿಳಿಯಬೇಡಿ. ಥಾಯ್ಲೆಂಡ್, ಪಾಕಿಸ್ತಾನ, ಇರಾನ್, ಚೀನಾ, ಹಾಂಗ್‌ಕಾಂಗ್, ಎಲ್ಲಾ ಇಲ್ಲೇ ಇದ್ದಾರೆ. ಥಾಯ್ಲೆಂಡಿನ ಜೇಮ್ಸ್ ವಟ್ಟನಾ 1986ರಲ್ಲಿ ಇದನ್ನು ಗೆದ್ದು ಆಮೇಲೆ ಪ್ರೊಫೆಷನಲ್ ಆಗಿ ದೊಡ್ಡ ಹೆಸರು ಮಾಡಿದ್ದು. ನಮ್ಮವರಲ್ಲಿ ಯಾಸಿನ್ ಮರ್ಚಂಟ್ 1989ರಲ್ಲಿ ಗೆದ್ದರು, ಮತ್ತೆ 12 ವರ್ಷ ಬಿಟ್ಟು 2001ರಲ್ಲಿ ಗೆದ್ದರು. 2012ರಲ್ಲಿ ಆದಿತ್ಯ ಮೆಹ್ತಾ.

ಯಾದಗಿರಿ_ಬಿಸಿಲು:
ಗೆದ್ದರೆ ಏನು ಸಿಗುತ್ತದೆ? ಕಪ್ಪು, ಹಾರ, ಪೇಪರಿನಲ್ಲಿ ಎರಡು ಸಾಲು?

ಬೀದರ್_ಬಿಳಿಚೆಂಡು:
ಅಷ್ಟೇ ಅಲ್ಲ. ಈಚಿನ ವರ್ಷಗಳಲ್ಲಿ ಏಷ್ಯನ್ ಸ್ನೂಕರ್ ಗೆದ್ದವರಿಗೆ ಎರಡು ಸೀಸನ್ ವರ್ಲ್ಡ್ ಸ್ನೂಕರ್ ಟೂರ್ ಕಾರ್ಡ್ ಸಿಗುವ ದಾರಿ ಇದೆ. ಅಂದರೆ ಇಂಗ್ಲೆಂಡಿನಲ್ಲಿ ಟಿವಿಯಲ್ಲಿ ನೋಡುತ್ತೇವಲ್ಲ, ಆ ಪ್ರೊಫೆಷನಲ್ ಆಟ. ಆದರೆ ಅಲ್ಲಿ ಇರಬೇಕು, ಮನೆ ಬಾಡಿಗೆ, ಪ್ರಾಕ್ಟೀಸ್ ಟೇಬಲ್, ಓಡಾಟ ಎಲ್ಲಾ ಸ್ವಂತದ್ದು. ಪಂಕಜ್ ಅವರೇ 2012ರಿಂದ 2014ರವರೆಗೆ ಆಡಿ ಬಿಟ್ಟು ಬಂದರು.

ಇನ್ನೊಂದು ಗೊಂದಲ ಇದೆ, ಅದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮೋಸ ಮಾಡುವವರು ಹೊಕ್ಕುವುದು ಇದೇ ಕಿಂಡಿಯಿಂದ. ಮೇಲೆ ಒಂದೇ ಸಂಸ್ಥೆ ಇಲ್ಲ. ಅಮೆಚೂರ್ ಸ್ನೂಕರ್ ಮತ್ತು ಬಿಲಿಯರ್ಡ್ಸ್‌ಗೆ ಇಂಟರ್‌ನ್ಯಾಷನಲ್ ಬಿಲಿಯರ್ಡ್ಸ್ ಆಂಡ್ ಸ್ನೂಕರ್ ಫೆಡರೇಶನ್, ಐಬಿಎಸ್ಎಫ್, ಇದೆ. ಪೂಲ್ ಅನ್ನುವ ಟೇಬಲ್ ಆಟಕ್ಕೆ ಬೇರೆ. ಪಾಕೆಟ್ಟೇ ಇಲ್ಲದ ಟೇಬಲ್ ಮೇಲೆ ಆಡುವ ಕ್ಯಾರಮ್‌ಗೆ ಬೇರೆ. ನಮ್ಮ ಮನೆಯ ಕೇರಂ ಬೋರ್ಡ್ ಅಲ್ಲ, ಇದು ಕೊರಿಯಾ, ವಿಯೆಟ್ನಾಂ ಕಡೆ ಬಹಳ ಜೋರು. ಈ ಮೂರನ್ನೂ ಸೇರಿಸಿ 1992ರಲ್ಲಿ ವರ್ಲ್ಡ್ ಕಾನ್ಫೆಡರೇಶನ್ ಆಫ್ ಬಿಲಿಯರ್ಡ್ಸ್ ಸ್ಪೋರ್ಟ್ಸ್ ಅಂತ ಮಾಡಿದರು, 1998ರಲ್ಲಿ ಒಲಿಂಪಿಕ್ ಸಮಿತಿಯ ಮಾನ್ಯತೆಯೂ ಸಿಕ್ಕಿತು. ಇತ್ತ ಪ್ರೊಫೆಷನಲ್ ಕಡೆಯವರಿಗೂ ಇವರಿಗೂ ಸರಿ ಹೋಗದೆ 2017ರಲ್ಲಿ ಅವರು ವರ್ಲ್ಡ್ ಸ್ನೂಕರ್ ಫೆಡರೇಶನ್ ಅಂತ ಇನ್ನೊಂದು ತೆಗೆದರು. ಹಾಗಾಗಿ "ವಿಶ್ವ", "ಏಷ್ಯನ್", "ಓಪನ್" ಈ ಮೂರು ಪದ ಕೂಡಿಸಿ ಯಾರು ಬೇಕಾದರೂ ಒಂದು ಲೆಟರ್‌ಹೆಡ್ ಹೊಡೆಸಬಹುದು. ನೋಡಿದವರಿಗೆ ನಿಜ ಅನ್ನಿಸುತ್ತದೆ.

ಯಾದಗಿರಿ_ಬಿಸಿಲು:
ಮಾನ್ಯತೆ ಸಿಕ್ಕಿ ಇಷ್ಟು ವರ್ಷ ಆಯಿತು, ಒಲಿಂಪಿಕ್ಸ್‌ನಲ್ಲಿ ಎಲ್ಲಿದೆ? ಪ್ಯಾರಿಸ್‌ಗೆ ಅರ್ಜಿ ಹಾಕಿದರು, ಬ್ರೇಕ್‌ಡ್ಯಾನ್ಸ್‌ಗೆ ಕೊಟ್ಟರು. ಏಷ್ಯನ್ ಗೇಮ್ಸ್‌ನಲ್ಲಿ 1998ರಿಂದ 2010ರವರೆಗೆ ನಾಲ್ಕು ಸಲ ಇತ್ತು. ಬ್ಯಾಂಕಾಕ್‌ನಲ್ಲಿ ಅಶೋಕ್ ಶಾಂಡಿಲ್ಯ, ಗೀತ್ ಸೇಠಿ ಬಿಲಿಯರ್ಡ್ಸ್ ಚಿನ್ನ ತಂದರು. ಗ್ವಾಂಗ್‌ಝೌನಲ್ಲಿ ಪಂಕಜ್ ಮತ್ತೆ ಚಿನ್ನ. ಆಮೇಲೆ ಇಂಚಿಯಾನ್, ಜಕಾರ್ತಾ, ಹಾಂಗ್‌ಝೌ, ಮೂರರಲ್ಲೂ ಇಲ್ಲ. ಈ ಕಾನ್ಫೆಡರೇಶನ್ ಏನು ಮಾಡುತ್ತಿತ್ತು? ನನಗೆ ಸಿಟ್ಟು ಇರುವುದು ಅಲ್ಲಿ. ಟೂರ್ನಿ ನಡೆಸುವುದು ಬೇರೆ, ಆಟಕ್ಕಾಗಿ ಜಗಳ ಆಡುವುದು ಬೇರೆ.

ಮೂರುಚೆಂಡು:
ಸಿಟ್ಟು ಸರಿ ಇದೆ ತಮ್ಮಾ. ಆದರೆ ಗೇಮ್ಸ್‌ನಲ್ಲಿ ಯಾವ ಆಟ ಇರಬೇಕು ಅನ್ನುವುದರಲ್ಲಿ ಆತಿಥ್ಯ ವಹಿಸುವ ದೇಶದ ಮಾತೂ ಬಹಳ ನಡೆಯುತ್ತದೆ. ತನಗೆ ಪದಕ ಬರುವ ಆಟವನ್ನೇ ಯಾರೂ ಮೊದಲು ನೋಡುತ್ತಾರೆ, ಅಲ್ವಾ? ನನ್ನ ಮಟ್ಟಿಗೆ ಗೇಮ್ಸ್‌ನಿಂದ ಹೊರಗೆ ಬಿದ್ದ ನಷ್ಟ ಪಂಕಜ್‌ಗೆ ಆಗಲಿಲ್ಲ, ಅವರ ಹತ್ತಿರ 2024ರ ಕೊನೆಗೇ 28 ವಿಶ್ವ ಪ್ರಶಸ್ತಿ ಇತ್ತು. ನಷ್ಟ ಆಗಿದ್ದು ನಮ್ಮಂಥ ಊರುಗಳಿಗೆ. ಏಷ್ಯನ್ ಗೇಮ್ಸ್ ಅಂದರೆ ಡಿಸಿ ಆಫೀಸಿನಲ್ಲೂ ಎದ್ದು ಕೂರುತ್ತಾರೆ. ಏಷ್ಯನ್ ಸ್ನೂಕರ್ ಅಂದರೆ, ಅದು ಪಾರ್ಲರ್ ಆಟ ಅಲ್ವಾ ಅನ್ನುತ್ತಾರೆ.

ಚಾಕ್‌ಪುಡಿ:
ಪಾರ್ಲರ್ ಆಟ ಅನ್ನುವುದಕ್ಕೆ ಕಾರಣ ಪಾರ್ಲರುಗಳೇ, ಕಾಕಾ. ನಾನು ಬೀದರಿನವಳು. ಕಾಲೇಜಿನಲ್ಲಿದ್ದಾಗ ಅಣ್ಣನ ಜೊತೆ ಒಂದು ಪಾರ್ಲರಿಗೆ ಹೋದೆ. ಮೆಟ್ಟಿಲು ಹತ್ತುವಾಗಲೇ ಸಿಗರೇಟ್ ಹೊಗೆ. ಒಳಗೆ ಕಾಲಿಟ್ಟ ತಕ್ಷಣ ಎಂಟು ಜನ ಆಟ ನಿಲ್ಲಿಸಿ ನನ್ನನ್ನೇ ನೋಡಿದರು. ಮಾಲೀಕ, "ಲೇಡೀಸ್‌ಗೆ ವಾಶ್‌ರೂಮ್ ಇಲ್ಲಮ್ಮ" ಅಂದ. ನಾನು ವಾಶ್‌ರೂಮ್ ಕೇಳಿರಲೇ ಇಲ್ಲ. ಅಲ್ಲಿಗೆ ನನ್ನ ಸ್ನೂಕರ್ ಮುಗಿಯಿತು. ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಮತ್ತೆ ಕ್ಯೂ ಹಿಡಿದೆ, ಈಗ ಭಾನುವಾರ ಭಾನುವಾರ ಆಡುತ್ತೇನೆ. ಒಂದೇ ಸರದಿಯಲ್ಲಿ 30 ಪಾಯಿಂಟ್ ದಾಟಿದರೆ ಮನೆಗೆ ಬರುವಾಗ ಸ್ವೀಟ್ ತರುತ್ತೇನೆ.

ಕರ್ನಾಟಕದ ಹೆಣ್ಣುಮಕ್ಕಳು ಈ ಆಟದಲ್ಲಿ ಏನು ಕಡಿಮೆ ಇದ್ದಾರಾ? ಚಿತ್ರಾ ಮಗಿಮೈರಾಜ್, ವಿದ್ಯಾ ಪಿಳ್ಳೈ, ವರ್ಷಾ ಸಂಜೀವ್. ಕೆಜಿಎಫ್‌ನ ಕೀರ್ತನಾ ಪಾಂಡ್ಯನ್ 2018ರಲ್ಲಿ ರಷ್ಯಾದಲ್ಲಿ ಹುಡುಗಿಯರ ವಿಶ್ವ ಜೂನಿಯರ್ ಸ್ನೂಕರ್ ಗೆದ್ದಳು. ಕೆಜಿಎಫ್ ಏನು ದೊಡ್ಡ ನಗರವಾ? ಗಣಿ ಮುಚ್ಚಿದ ಊರು. ಒಂದೇ ವ್ಯತ್ಯಾಸ, ಅಲ್ಲಿಂದ ಬೆಂಗಳೂರಿಗೆ ಬೆಳಿಗ್ಗೆ ರೈಲು ಹತ್ತಿ ರಾತ್ರಿ ಮನೆಗೆ ಬರಬಹುದು. ಬೀದರಿನಿಂದ ಹಾಗೆ ಮಾಡಿ ನೋಡಿ.

ಅಣ್ಣಾ, ನಿಮ್ಮ ಮಗನಿಗೆ ತಂಗಿ ಇದ್ದರೆ ಅವಳನ್ನೂ ಕರೆದುಕೊಂಡು ಹೋಗಿ.

ಸೇಡಂರಸ್ತೆ:
ಇದ್ದಾಳೆ. ಒಂಬತ್ತನೇ ಕ್ಲಾಸು. ನನ್ನನ್ನು ಹೆಂಗೆ ಕೇಳಬೇಕೋ ಹಾಗೆ ಕೇಳಿದಿರಿ ತಾಯಿ.

ಬೀದರ್_ಬಿಳಿಚೆಂಡು:
ಅಕ್ಕ ಹೇಳಿದ ದೂರದ ಮಾತು, ಅದೇ ಈ ಎಲ್ಲಾ ಏಣಿಯ ಅಸಲಿ ಸಮಸ್ಯೆ. ದೋಹಾ ದೂರ ಅಲ್ಲ ಅಣ್ಣಾ. ಬೆಂಗಳೂರು ದೂರ. ಹೈದರಾಬಾದಿನಿಂದ ದೋಹಾಕ್ಕೆ ವಿಮಾನದಲ್ಲಿ ಒಂದು ಹಗಲೂ ಹಿಡಿಯುವುದಿಲ್ಲ. ನಮ್ಮ ಕಡೆಯ ಹುಡುಗ ಒಂದು ರಾಜ್ಯ ಟೂರ್ನಿ ಆಡಬೇಕು ಅಂದರೆ ಒಂದು ರಾತ್ರಿ ರೈಲು, ಅಲ್ಲಿ ರೂಮು, ಮೊದಲ ಪಂದ್ಯದಲ್ಲೇ ಸೋತರೆ ಮತ್ತೆ ಒಂದು ರಾತ್ರಿ ರೈಲು. ನಾನು ಹಾಗೆ ಮೂರು ಸಲ ಬಂದಿದ್ದೇನೆ. ಒಂದು ಸಲವಂತೂ 40 ನಿಮಿಷದಲ್ಲಿ ಸೋತು, ಮೆಜೆಸ್ಟಿಕ್‌ನಲ್ಲಿ ಐದು ತಾಸು ಕೂತು, ಚಹಾದ ಮೇಲೆ ಚಹಾ ಕುಡಿದು ಬಂದೆ. ಏಷ್ಯಾಕ್ಕೆ ಒಂದು ಸಂಸ್ಥೆ ಇದೆ, ದೇಶಕ್ಕಿದೆ, ರಾಜ್ಯಕ್ಕಿದೆ. ನಮ್ಮ ಮೂರು ಜಿಲ್ಲೆ ಸೇರಿಸಿ ಹುಡುಗರಿಗೆ ವರ್ಷಕ್ಕೆ ಎರಡು ಟೂರ್ನಿ ಆಡಿಸುವವರು ಯಾರಾದರೂ ಇದ್ದರೆ, ರಾಜ್ಯಕ್ಕೆ ಹೋಗುವ ಮೊದಲೇ ಇವನ ಆಟ ಎಷ್ಟು ಅಂತ ಇವನಿಗೇ ಗೊತ್ತಾಗುತ್ತದೆ. ಆಗ ಯಾವನೋ ಬಂದು ಏಷ್ಯನ್ ಅಂದರೆ ನಗುತ್ತಾನೆ, ಊಟ ಬಿಡುವುದಿಲ್ಲ.

ಇನ್ನೊಂದು, ಇಲ್ಲಿಯ ಟೇಬಲ್ ಮೇಲೆ ಹೊಡೆದ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ಗಳಿಸಿದ ಪಾಯಿಂಟು, ಅಲ್ಲಿಯ ಟೇಬಲ್ ಮೇಲೆ ಬರುವುದಿಲ್ಲ. ಇದನ್ನು ಮಗನಿಗೆ ಮೊದಲೇ ಹೇಳಿ.

ಸೇಡಂರಸ್ತೆ:
ಯಾಕೆ ಬರುವುದಿಲ್ಲ? ಟೇಬಲ್ ಎಲ್ಲಾ ಒಂದೇ ಅಳತೆ ಅಲ್ವಾ?

ಮೂರುಚೆಂಡು:
ಅಳತೆ ಒಂದೇ, 12 ಅಡಿಗೆ 6 ಅಡಿ. ಒಳಗಿನ ಮಾತು ಬೇರೆ. ಇದನ್ನು ನಾನು ಹೇಳುತ್ತೇನೆ, ಇದು ನನ್ನ ಮನೆ ವಿಷಯ.

ಹಸಿರು ಬಟ್ಟೆಯ ಕೆಳಗೆ ಕಲ್ಲಿದೆ. ಸ್ಲೇಟ್ ಕಲ್ಲು. ಪೂರ್ತಿ ಟೇಬಲ್‌ಗೆ ಐದು ಚಪ್ಪಡಿ ಜೋಡಿಸುತ್ತಾರೆ, ಸಂದು ಕಾಣದ ಹಾಗೆ ತುಂಬಿ ಉಜ್ಜುತ್ತಾರೆ, ಅದರ ಮೇಲೆ ಉಣ್ಣೆ ಬಟ್ಟೆ ಎಳೆದು ಬಿಗಿಯುತ್ತಾರೆ. ಒಟ್ಟು ತೂಕ ಟನ್ ದಾಟುತ್ತದೆ. ಈಗ ನಮ್ಮೂರ ಕಥೆ ಕೇಳಿ. ಬಹಳ ಹಿಂದೆ ಒಬ್ಬರು ಬಡಗಿಯಿಂದ ಟೇಬಲ್ ಮಾಡಿಸಿದರು. ಸ್ಲೇಟ್ ಎಲ್ಲಿಂದ ತರುವುದು, ನಮ್ಮ ಶಹಾಬಾದ್ ಫರಶಿ ಇದೆಯಲ್ಲ, ಮನೆ ಮನೆಗೆ ಹಾಸಿದ್ದೇವಲ್ಲ, ಅದನ್ನೇ ಪಾಲಿಶ್ ಮಾಡಿಸಿ ಹಾಕೋಣ ಅಂದರು. ಹಾಕಿದರು. ನೋಡಲು ಚೆಂದ. ಅಪ್ಪ ಹೋಗಿ ಬಿಳಿ ಚೆಂಡನ್ನು ಮೆಲ್ಲಗೆ ಉರುಳಿಸಿದರು. ನೇರ ಹೋಗುತ್ತಾ ಹೋಗುತ್ತಾ, ನಡುವೆ ಯಾರೋ ಕರೆದ ಹಾಗೆ ಎಡಕ್ಕೆ ತಿರುಗಿತು. ಫರಶಿ ನಡೆಯುವ ಕಾಲಿಗೆ ಸಮ, ಚೆಂಡಿಗೆ ಸಮ ಅಲ್ಲ. ಅಪ್ಪ ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು. ಆ ಟೇಬಲ್ ಮೇಲೆ ಆಮೇಲೆ ಮದುವೆ ಊಟದ ಪಾತ್ರೆ ಇಡುತ್ತಿದ್ದರು.

ಬಟ್ಟೆಗೆ ರೋಮ ಇರುತ್ತದೆ, ಒಂದೇ ದಿಕ್ಕಿಗೆ ಮಲಗಿರುತ್ತದೆ. ಆಟ ಶುರು ಮಾಡುವ ತುದಿಯಿಂದ ಕಪ್ಪು ಚೆಂಡಿನ ಕಡೆಗೆ. ಬ್ರಷ್ ಮಾಡಿದರೂ, ಇಸ್ತ್ರಿ ಹಾಕಿದರೂ ಅದೇ ದಿಕ್ಕಿಗೆ. ಹಿಂದಕ್ಕೆ ಎಳೆದರೆ ಬಟ್ಟೆ ಹಾಳು. ಕಲಬುರಗಿಯ ಬೇಸಿಗೆಯಲ್ಲಿ ಬಟ್ಟೆ ಒಣಗಿ ಚೆಂಡು ಓಡುತ್ತದೆ, ಮಳೆ ಬಂದ ದಿನ ಅದೇ ಹೊಡೆತಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ಕರೆಂಟ್ ಹೋಗಿ ಎಸಿ ನಿಂತರೆ ಮಧ್ಯಾಹ್ನ ಒಂದು ಆಟ, ಸಂಜೆ ಒಂದು ಆಟ. ದೊಡ್ಡ ಟೂರ್ನಿಗಳಲ್ಲಿ ಟೇಬಲ್ ಕೆಳಗೆ ಬಿಸಿ ಮಾಡುವ ವ್ಯವಸ್ಥೆ ಇಟ್ಟು ಬಟ್ಟೆ ಒಣಗಿಸಿರುತ್ತಾರೆ, ಹೊಸ ತೆಳು ಬಟ್ಟೆ, ಚೆಂಡು ಗಾಜಿನ ಮೇಲೆ ಹೋದ ಹಾಗೆ ಹೋಗುತ್ತದೆ. ನಮ್ಮ ಹುಡುಗ ಊರ ಅಂದಾಜಿನಲ್ಲಿ ಹೊಡೆದರೆ ಬಿಳಿ ಚೆಂಡು ಟೇಬಲ್ ಪೂರ್ತಿ ಸುತ್ತಿ ಬಂದು ನಿಲ್ಲುತ್ತದೆ.

ದೋಹಾ_ಆಳಂದ:
ಕಾಕಾ, ಫರಶಿ ಕಥೆ ಓದಿ ಬಸ್‌ನಲ್ಲಿ ಒಬ್ಬನೇ ನಗುತ್ತಿದ್ದೇನೆ, ಬಸ್ ನಿಂತಿದೆ, ಹೆದರಬೇಡಿ.

ಯಾದಗಿರಿ_ಬಿಸಿಲು:
ಸೇಡಂರಸ್ತೆಯವರೇ, ಆ ಮನುಷ್ಯನಿಗೆ ಏನು ಹೇಳಿದಿರಿ? ದುಡ್ಡು ಹಾಕಿಲ್ಲ ತಾನೇ?

ಸೇಡಂರಸ್ತೆ:
ಎಲ್ಲಾ ಹೇಳುತ್ತೇನೆ, ಎರಡು ದಿನ ಬರೆಯಲು ಆಗಲಿಲ್ಲ.

ಹಾಕಿಲ್ಲ. ಬೀದರಿನ ತಮ್ಮ ಹೇಳಿದ್ದನ್ನು ಓದಿಕೊಂಡು ಅವನಿಗೆ ಫೋನ್ ಮಾಡಿದೆ. "ಭಾರತದ ಫೆಡರೇಶನ್‌ನಿಂದ ಪತ್ರ ಇದೆಯಾ?" ಅಂದೆ. ಪ್ರೊಸೆಸ್‌ನಲ್ಲಿದೆ ಅಂದ. "ರಾಜ್ಯದ ಅಸೋಸಿಯೇಶನ್‌ನವರಿಗೆ ಗೊತ್ತಾ?" ಅಂದೆ. ಇದು ಓಪನ್ ಕೆಟಗರಿ ಸರ್, ಅವರಿಗೆ ಸಂಬಂಧ ಇಲ್ಲ ಅಂದ. "ದುಡ್ಡು ಸಂಸ್ಥೆಯ ಖಾತೆಗೆ ಹಾಕಬೇಕಾ, ನಿಮ್ಮ ಖಾತೆಗಾ?" ಅಂದೆ. ಆಗ ಮರ್ಯಾದೆ ಮಾತು ಹೋಯಿತು. ನಿಮ್ಮಂಥವರಿಂದಲೇ ಮಕ್ಕಳು ಹಿಂದೆ ಉಳಿಯುವುದು ಅಂದ. ಅರ್ಧ ತಾಸಿನಲ್ಲಿ ಡಿಪಿ ಫೋಟೋ ಮಾಯ. ನನಗೆ ಸಿಟ್ಟು ಬಂದಿದ್ದು ದುಡ್ಡಿಗಲ್ಲ, ಆ ಮಾತಿಗೆ.

ಹುಡುಗನಿಗೆ ಹೇಳುವುದೇ ಕಷ್ಟ ಆಯಿತು. ಕೇಳಿದ, ಏನೂ ಅನ್ನಲಿಲ್ಲ, ಎದ್ದು ಪಾರ್ಲರಿಗೆ ಹೋದ. ಒಂದು ತಾಸು ಬಿಟ್ಟು ನಾನೂ ಹೋದೆ, ತಂಗಿಯನ್ನು ಕರೆದುಕೊಂಡೇ. ಮಾಲೀಕರಿಗೆ ಮೊದಲೇ ಫೋನ್ ಮಾಡಿದ್ದೆ, ಸಿಗರೇಟ್ ಹೊರಗೆ ಅಂತ ಹೇಳಿ ಕಳಿಸಿದ್ದರು ಪಾಪ. ನೋಡಿದರೆ ಇವನು ಆಡುತ್ತಿಲ್ಲ. ಟೇಬಲ್‌ಗೆ ಇಸ್ತ್ರಿ ಹಾಕುತ್ತಿದ್ದಾನೆ. ಕಾಕಾ ಹೇಳಿದ ಹಾಗೇ, ಒಂದೇ ದಿಕ್ಕಿಗೆ, ನಿಧಾನಕ್ಕೆ. ದಿನಾ ಇವನೇ ಹಾಕುತ್ತಾನಂತೆ, ಅದಕ್ಕೆ ಬದಲು ಬೆಳಿಗ್ಗೆ ಒಂದು ತಾಸು ಟೇಬಲ್ ಪುಕ್ಕಟೆ. ಮನೆಯಲ್ಲಿ ತನ್ನ ಒಂದು ಅಂಗಿಗೂ ಇಸ್ತ್ರಿ ಹಾಕಿಕೊಂಡವನಲ್ಲ ಇವನು.

ಬೆಂಗಳೂರಿನ ಅಸೋಸಿಯೇಶನ್‌ಗೆ ಫೋನ್ ಮಾಡಿ ಕೇಳಿದೆ. ಚೆನ್ನಾಗಿ ಮಾತಾಡಿದರು. ಜೂನಿಯರ್ ಹೆಸರು ಹಚ್ಚುವುದು ಹೇಗೆ, ವಯಸ್ಸಿನ ದಾಖಲೆ ಏನು ಬೇಕು ಅಂತ ಹೇಳಿದ್ದಾರೆ. ಹೋಗುತ್ತೇವೆ. ಸೋತು ಬಂದರೂ ಹೋಗುತ್ತೇವೆ.

ಬೀದರ್_ಬಿಳಿಚೆಂಡು:
ಅಣ್ಣಾ, ಆ ನಂಬರನ್ನು 1930ಕ್ಕೆ ಫೋನ್ ಮಾಡಿ ತಿಳಿಸಿಬಿಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ನಿಮ್ಮ ದುಡ್ಡು ಉಳಿಯಿತು, ಅವನು ಮುಂದಿನ ಅಪ್ಪನನ್ನು ಹುಡುಕುತ್ತಿರುತ್ತಾನೆ. ಮತ್ತೆ ಬೆಂಗಳೂರಿಗೆ ಒಂದು ದಿನ ಮೊದಲೇ ಹೋಗಿ. ಎಲ್ಲಾದರೂ ಒಳ್ಳೆ ಟೇಬಲ್ ಮೇಲೆ ಎರಡು ತಾಸು ಆಡಿಸಿ, ಕೈಗೆ ಆ ವೇಗ ಸಿಗಲಿ. ಕಪ್ಪು ಪ್ಯಾಂಟು, ಶೂ ಬೇಕು, ಜೀನ್ಸ್ ನಡೆಯುವುದಿಲ್ಲ. ವೇಸ್ಟ್‌ಕೋಟ್ ಬೇಕಾ ಅಂತ ಕೇಳಿಕೊಳ್ಳಿ, ನನ್ನದು ಇದೆ, ಕೊರಿಯರ್ ಮಾಡುತ್ತೇನೆ. ನನಗೆ ಈಗ ಗುಂಡಿ ಹತ್ತುವುದಿಲ್ಲ.

ಚಾಕ್‌ಪುಡಿ:
ತಂಗಿ ಕ್ಯೂ ಹಿಡಿದಳಾ? ಅದನ್ನು ಹೇಳದೇ ಬಿಟ್ಟಿರಿ.

ಸೇಡಂರಸ್ತೆ:
ಹಿಡಿದಳು. ಮೊದಲ ಹೊಡೆತಕ್ಕೆ ಕೆಂಪು ಒಳಗೆ, ಬಿಳಿಯೂ ಅದರ ಹಿಂದೆಯೇ ಒಳಗೆ. ಅಣ್ಣ ಫೌಲ್ ನಾಲ್ಕು ಅಂದ. ಇವಳು, "ಬಿಲಿಯರ್ಡ್ಸ್ ಆಗಿದ್ದರೆ ಎರಡಕ್ಕೂ ಪಾಯಿಂಟು" ಅಂದಳು. ಇದನ್ನು ಪೂರ್ತಿ ಓದಿದ್ದಾಳೆ ನನ್ನ ಫೋನಿನಲ್ಲಿ.

ಮೂರುಚೆಂಡು:
ಆ ಹುಡುಗಿಗೆ ನನ್ನ ಹೆಸರು ಹೇಳಿ ಒಂದು ಐಸ್‌ಕ್ರೀಮ್ ಕೊಡಿಸಿ.

ಸೇಡಂರಸ್ತೆ:
ಕೊನೆಗೆ ಒಂದು ಸಣ್ಣ ಪ್ರಶ್ನೆ. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸುತ್ತಿದ್ದೇನೆ. ಕ್ಯೂ ಎಲ್ಲಿ ಇಡಬೇಕು? ಬರ್ತ್ ಕೆಳಗೆ ಹಾಕಬಹುದಾ?

ಬೀದರ್_ಬಿಳಿಚೆಂಡು:
ಹಾಕಬೇಡಿ, ರಾತ್ರಿ ಯಾರಾದರೂ ಟ್ರಂಕ್ ತಳ್ಳುತ್ತಾರೆ. ಗೋಡೆಗೆ ಓರೆಯಾಗಿ ನಿಲ್ಲಿಸಲೂ ಬೇಡಿ, ಬಾಗುತ್ತದೆ. ಎರಡು ತುಂಡು ಬಿಚ್ಚಿ ಕೇಸ್‌ನಲ್ಲಿ ಹಾಕಿ, ಮೇಲಿನ ಬರ್ತ್ ಅವನಿಗೇ ಮಾಡಿಸಿ, ಪಕ್ಕದಲ್ಲಿ ಇಟ್ಟುಕೊಂಡು ಮಲಗಲಿ. ರೈಲ್ವೆ ಪೊಲೀಸರು ಬಂದು ಒಳಗೆ ಏನಿದೆ ಅಂತ ಕೇಳುತ್ತಾರೆ, ತೆಗೆದು ತೋರಿಸಿ. ನನಗೆ ಎರಡು ಸಲ ಕೊಳಲಾ ಅಂತ ಕೇಳಿದ್ದಾರೆ.